ಸಾಲಿನ ನಡುವಿನ ಮನೆಗೆ ವರಮಾನವೆಷ್ಟು?

(ಗಿರಣಿ ಕಾರ್ಮಿಕರ ಕೇರಿಯ ವಾಚನಾಲಯದಲ್ಲಿ ಕಳೆದ ಭಾನುವಾರ ಸಂಜೆ ಮಾಡಿದ ಭಾಷಣದ ಬರಹರೂಪ)



ಇಂದು ನಾನು ಲೆಕ್ಕದ ಪಾಠವೊಂದನ್ನು ಹೇಳಲು ನಿಂತಿದ್ದೇನೆ. ಮೆಟ್ರಿಕ್‌ವರೆಗೆ ಓದಿ, ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷ ಮಕ್ಕಳಿಗೆ ಕೂಡುವುದು ಕಳೆಯುವುದು ಕಲಿಸಿದವನಿಗೆ ಇದಕ್ಕಿಂತ ದೊಡ್ಡ ವಿದ್ಯೆ ಬಾರದು. ಆದರೆ ಈ ಸಣ್ಣ ಪಾಠ ತಿಳಿಯದೆ ಹೋದರೆ ಬಡವರ ಮಕ್ಕಳಿಗೆ ಸಲ್ಲಬೇಕಾದ ಹಣ ದಾರಿ ತಪ್ಪಿ ಬೇರೆ ಕಡೆ ಹೋಗುತ್ತದೆ. ಅದು ಹೇಗೆಂಬುದನ್ನು ಮೊದಲು ಹೇಳುತ್ತೇನೆ.

ನನ್ನ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತಂದೆ ಗಿರಣಿಯ ನೂಲಿನ ಖಾತೆಯಲ್ಲಿದ್ದವರು. ಅವರು ಪಾಳಿಗೆ ಹೋಗುತ್ತಿದ್ದ ಕಾಲದಲ್ಲಿ ಮಾಡಿಸಿದ ಆದಾಯ ಪ್ರಮಾಣಪತ್ರವೊಂದು ಮನೆಯಲ್ಲಿತ್ತು. ಆಮೇಲೆ ಗಿರಣಿ ಬಾಗಿಲು ಹಾಕಿತು. ತಂದೆ ತಳ್ಳುಗಾಡಿ ಹಿಡಿದರು. ವಿದ್ಯಾರ್ಥಿವೇತನದ ಅರ್ಜಿ ಹಾಕುವಾಗ ನಾನೇ ಜೊತೆಗೆ ಹೋದೆ. ಕಚೇರಿಯವರು ಕಾಗದ ನೋಡಿ, "ಇದರ ಅವಧಿ ಇನ್ನೂ ಮುಗಿದಿಲ್ಲ ಮೇಷ್ಟ್ರೆ, ಇದರಲ್ಲಿರುವ ಮೊತ್ತವೇ ಮೊತ್ತ" ಎಂದರು. ಆ ಮೊತ್ತ ಮಿತಿಗಿಂತ ಸ್ವಲ್ಪ ಮೇಲಿತ್ತು. ಹೊಸ ಪತ್ರ ಕೈಗೆ ಬರುವಷ್ಟರಲ್ಲಿ ಅರ್ಜಿಯ ದಿನ ಕಳೆದಿತ್ತು. ಮರುವರ್ಷ ಹುಡುಗಿ ಶಾಲೆಗೆ ಬರಲಿಲ್ಲ. ಕಚೇರಿಯವರು ಸುಳ್ಳು ಹೇಳಲಿಲ್ಲ, ಕಾಗದದಲ್ಲಿಯೂ ಸುಳ್ಳಿರಲಿಲ್ಲ. ಅದು ಹಳಸಿದ ಸತ್ಯವಾಗಿತ್ತು, ಅಷ್ಟೆ. ಒಂದು ಮನೆಗೆ ಆದದ್ದು ಒಂದು ಇಡೀ ಜಿಲ್ಲೆಗೆ ಆದರೆ ಹೇಗೆ? ಇಂದಿನ ಪ್ರಶ್ನೆ ಇದು.

ಜಿಲ್ಲೆಯ ಜನರ ವರಮಾನವನ್ನು ಹೇಳುವುದು ಹೇಗೆ? ಕೂಡಿಸಿ ಭಾಗಿಸಿ ಸರಾಸರಿ ತೆಗೆಯಬಹುದು. ಈಗ ಒಂದು ಬೀದಿ ಇದೆಯೆಂದು ಭಾವಿಸೋಣ. ಒಂಬತ್ತು ಮನೆ. ಎಂಟು ಮನೆಗಳ ತಿಂಗಳ ವರಮಾನ ಕ್ರಮವಾಗಿ 9,000, 11,000, 12,000, 13,000, 14,000, 16,000, 18,000, 22,000 ರೂಪಾಯಿ. ಬೀದಿಯ ಕೊನೆಯ ಮಹಡಿ ಮನೆಯವರದು 3,35,000. ಒಟ್ಟು ನಾಲ್ಕೂವರೆ ಲಕ್ಷ. ಒಂಬತ್ತರಿಂದ ಭಾಗಿಸಿದರೆ ಮನೆಗೆ 50,000! ಸರ್ಕಾರದ ವರದಿಯಲ್ಲಿ ಇದು ಅನುಕೂಲಸ್ಥರ ಬೀದಿ. ಆದರೆ ಎಂಟು ಮನೆಗಳಲ್ಲಿ ಒಂದಕ್ಕೂ ಅದರ ಅರ್ಧದಷ್ಟು ಹಣ ಬರುವುದಿಲ್ಲ.

ಇನ್ನೊಂದು ರೀತಿಯಿದೆ. ಮನೆಗಳನ್ನು ವರಮಾನದ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ಸಾಲಿನ ನಟ್ಟನಡುವಿನ ಮನೆಯನ್ನು ಕೇಳುವುದು. ಒಂಬತ್ತರಲ್ಲಿ ಐದನೆಯದು: 14,000. ಇದಕ್ಕೆ ಶಾಲೆಯ ಪುಸ್ತಕದಲ್ಲಿ ಮಧ್ಯಾಂಕವೆಂದು ಹೆಸರು. ಅರ್ಧ ಮನೆಗಳು ಇದರ ಕೆಳಗೆ, ಅರ್ಧ ಮನೆಗಳು ಮೇಲೆ. ಮಹಡಿ ಮನೆಯವರ ವರಮಾನ ಇಮ್ಮಡಿಯಾದರೆ ಸರಾಸರಿ 87,000ವನ್ನು ದಾಟುತ್ತದೆ. ಮಧ್ಯಾಂಕ 14,000ದಲ್ಲೇ ನಿಂತಿರುತ್ತದೆ. ಕಾರ್ಮಿಕನ ಮನೆಗೆ ಕೂಲಿ ಏರಿದಾಗ ಮಾತ್ರ ಅದು ಏರುತ್ತದೆ. ಶ್ರೀಮಂತನ ಲಾಭವನ್ನು ಬಡವನ ಲೆಕ್ಕಕ್ಕೆ ಬರೆಯಲು ಅದು ಒಪ್ಪುವುದಿಲ್ಲ.

ಈ ನಡುವಿನ ಮನೆಯನ್ನು ಸಣ್ಣ ಸಣ್ಣ ಪ್ರದೇಶಗಳಲ್ಲಿ ಹುಡುಕುವ ಕೆಲಸವನ್ನು ಪ್ರತಿವರ್ಷ ಮಾಡುತ್ತ ಬಂದಿರುವ ದೇಶ ಅಮೆರಿಕ. ಬಂಡವಾಳಶಾಹಿಯ ತವರಿನಿಂದ ನಾವು ಕಲಿಯುವುದೇನೆಂದು ಯಾರಾದರೂ ಕೇಳಬಹುದು. ತಕ್ಕಡಿ ಯಾರ ಅಂಗಡಿಯದಾದರೇನು, ತೂಕ ಸರಿಯಿದ್ದರೆ ಆಯಿತು.

ಅಲ್ಲಿ ರಾಜ್ಯದ ಕೆಳಗೆ ನಮ್ಮ ಜಿಲ್ಲೆಯಂತಿರುವ ವಿಭಾಗಕ್ಕೆ ಕೌಂಟಿ ಎನ್ನುತ್ತಾರೆ. ಅಂಥವು 3,100ಕ್ಕೂ ಮೇಲಿವೆ. 2020ರ ಖಾನೇಷುಮಾರಿಯಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಜನ ಒಂದು ಕೋಟಿಗೆ ಸ್ವಲ್ಪ ಮೇಲೆ. ಟೆಕ್ಸಾಸಿನ ಲವಿಂಗ್ ಕೌಂಟಿಯ ಜನ 64. ಹೌದು, ಅರವತ್ತನಾಲ್ಕೇ ಮಂದಿ.

ಅಲ್ಲಿಯೂ ಸಂಬಳ ಕೇಳುವುದು ಸುಲಭವಾಗಲಿಲ್ಲ. ಖಾನೇಷುಮಾರಿಯಲ್ಲಿ ಮೊದಲ ಬಾರಿ ಸಂಬಳ ಕೇಳಿದ್ದು 1940ರಲ್ಲಿ. ನ್ಯೂ ಹ್ಯಾಂಪ್‌ಶೈರಿನ ಸೆನೆಟರ್ ಚಾರ್ಲ್ಸ್ ಟೋಬಿ ಅದರ ವಿರುದ್ಧ ದೊಡ್ಡ ಗದ್ದಲವೆಬ್ಬಿಸಿದರು. ಬಾಯಿಬಿಟ್ಟು ಹೇಳಲು ಮನಸ್ಸಿಲ್ಲದವರು ಬರೆದು ಲಕೋಟೆಯಲ್ಲಿ ಮುಚ್ಚಿ ಕೊಡಬಹುದೆಂದು ಸರ್ಕಾರ ದಾರಿ ಮಾಡಿತು. ವರ್ಷಕ್ಕೆ 5,000 ಡಾಲರಿಗಿಂತ ಹೆಚ್ಚು ಸಂಬಳವಿದ್ದವರು ಎಷ್ಟೆಂದು ಹೇಳಬೇಕಾಗಿರಲಿಲ್ಲ; ಐದು ಸಾವಿರಕ್ಕಿಂತ ಮೇಲೆ ಎಂದಷ್ಟೇ ಗುರುತು ಹಾಕಿದರೆ ಸಾಕಿತ್ತು. ಇಲ್ಲೊಂದು ಸ್ವಾರಸ್ಯವಿದೆ. ಮೇಲಿನವರು ಮುಚ್ಚಿಟ್ಟರೆ ಸರಾಸರಿ ತೆಗೆಯಲಾಗದು. ಆದರೆ ಮಧ್ಯಾಂಕಕ್ಕೆ ಒಂದಿಷ್ಟೂ ಧಕ್ಕೆಯಿಲ್ಲ. ಸಾಲಿನ ಕೊನೆಯವನು ಎಷ್ಟು ದೂರ ನಿಂತಿದ್ದಾನೆಂಬುದು ನಡುವಿನವನಿಗೆ ಬೇಕಿಲ್ಲ. ಆದರೆ ಪೇಟೆಯ ಬಂಧುಗಳು ಇದನ್ನೂ ಗಮನಿಸಬೇಕು: ಆಗ ಮೊತ್ತ ಕೇಳಿದ್ದು ಕೂಲಿ ಸಂಬಳಗಳದ್ದು ಮಾತ್ರ. ವ್ಯಾಪಾರವೇ ಮುಂತಾದ ಬೇರೆ ಮೂಲದಿಂದ 50 ಡಾಲರಾದರೂ ಬಂದಿದೆಯೇ ಎಂಬುದಕ್ಕೆ ಹೌದು, ಇಲ್ಲ ಎಂದರೆ ಮುಗಿಯಿತು. ಸಣ್ಣ ಅಂಗಡಿಯವನ ಬದುಕು ಆ ಲೆಕ್ಕದಲ್ಲಿ ಕಾಣಿಸಲೇ ಇಲ್ಲ.

ಮುಂದೆ ಹತ್ತು ವರ್ಷಕ್ಕೊಮ್ಮೆ ಎಲ್ಲ ಬಗೆಯ ವರಮಾನವನ್ನೂ ಕೇಳತೊಡಗಿದರು. ಎಲ್ಲರನ್ನೂ ಕೇಳದೆ, ಕೆಲವು ಮನೆಗಳಿಗೆ ಮಾತ್ರ ಉದ್ದದ ಪ್ರಶ್ನಾಪತ್ರ ಕೊಟ್ಟರು. 2000ದಲ್ಲಿ ಅದು ಸುಮಾರು ಆರು ಮನೆಗೆ ಒಂದು. ಒಂದು ಚೀಲ ಜೋಳ ಕೊಳ್ಳುವಾಗ ಕೊಳವೆ ಚುಚ್ಚಿ ಹಿಡಿ ಕಾಳು ತೆಗೆದು ನೋಡುವುದಿಲ್ಲವೆ, ಹಾಗೆ. ಹಿಡಿ ಕಾಳಿನಿಂದ ಚೀಲದ ಗುಣ ತಿಳಿಯುತ್ತದೆ. ಆದರೆ ಎರಡೇ ಕಾಳು ತೆಗೆದು ನೋಡಿದರೆ?

ಸಣ್ಣ ಪ್ರದೇಶದ ತೊಡಕೇ ಇದು. ನಮ್ಮ ಒಂಬತ್ತು ಮನೆಗಳ ಬೀದಿಯಲ್ಲಿ ಮೂರೇ ಮನೆ ಆರಿಸಿದೆವೆನ್ನಿ. ಚೀಟಿಯಲ್ಲಿ 9,000, 12,000, 13,000ದ ಮನೆಗಳು ಬಂದರೆ ನಡುವಿನದು 12,000. ಮರುವರ್ಷ 16,000, 22,000 ಮತ್ತು ಮಹಡಿ ಮನೆ ಬಂದರೆ ನಡುವಿನದು 22,000. ಬೀದಿಯಲ್ಲಿ ಯಾರಿಗೂ ಒಂದು ರೂಪಾಯಿ ಹೆಚ್ಚಿಲ್ಲ. ಕಾಗದದಲ್ಲಿ ಮಾತ್ರ ಬೀದಿ ಉದ್ಧಾರವಾಯಿತು! ದೊಡ್ಡ ನಗರಕ್ಕೆ ಸಾವಿರಾರು ಮನೆಗಳ ಮಾದರಿ ಸಿಗುವುದರಿಂದ ಅಲ್ಲಿ ಇಂಥ ಅಲುಗಾಟ ಕಡಿಮೆ. ಹಳ್ಳಿಗಾಡಿನ ಕೌಂಟಿಗೆ ಹಿಡಿಯಷ್ಟು ಮನೆ. ಅಲ್ಲಿ ಅಂಕಿ ಗಾಳಿಪಟದಂತೆ ತೂಗಾಡುತ್ತದೆ.

ಇದು ಪಂಡಿತರ ತಲೆನೋವಲ್ಲ, ಹಣದ ಪ್ರಶ್ನೆ. 1972ರಿಂದ ಅಮೆರಿಕದ ಕೇಂದ್ರ ಸರ್ಕಾರ ತನ್ನ ವರಮಾನದ ಒಂದು ಪಾಲನ್ನು ಊರೂರಿನ ಆಡಳಿತಗಳಿಗೆ ಹಂಚತೊಡಗಿತು. ಹಂಚಿಕೆಯ ಸೂತ್ರದಲ್ಲಿ ಊರಿನ ತಲಾ ವರಮಾನ ಬೇಕಿತ್ತು. 500 ಜನಕ್ಕಿಂತ ಕಡಿಮೆಯಿದ್ದ ಊರುಗಳ ಮಾದರಿಯನ್ನು ನಂಬಲಾಗದೆ, ಅವಕ್ಕೆಲ್ಲ ತಮ್ಮ ತಮ್ಮ ಕೌಂಟಿಯ ಅಂಕಿಯನ್ನೇ ಬರೆದುಬಿಟ್ಟರು. ಬಡ ಹಳ್ಳಿಗೂ ಅದೇ, ಪಕ್ಕದ ಸಿರಿವಂತ ಹಳ್ಳಿಗೂ ಅದೇ. ಅಂಕಿ ತೂಗಾಡುವುದು ನಿಂತಿತು, ಊರುಗಳ ನಡುವಿನ ವ್ಯತ್ಯಾಸವೂ ಮಾಯವಾಯಿತು.

ಸೆನ್ಸಸ್ ಬ್ಯೂರೋದಲ್ಲಿದ್ದ ರಾಬರ್ಟ್ ಫೇ ಮತ್ತು ರೋಜರ್ ಹೆರಿಯಟ್ ಎಂಬ ಇಬ್ಬರು 1979ರಲ್ಲಿ ಇದಕ್ಕೊಂದು ನಡುದಾರಿಯನ್ನು ಪ್ರಕಟಿಸಿದರು. ಅದರ ತಿರುಳನ್ನು ನಾನು ಹೀಗೆ ಹೇಳುತ್ತೇನೆ. ಒಂದು ಊರಿನ ಬಗ್ಗೆ ಇಬ್ಬರು ಸಾಕ್ಷಿಗಳಿದ್ದಾರೆ. ಮೊದಲನೆಯವನು ಮನೆಬಾಗಿಲಿಗೆ ಹೋಗಿ ಬಂದವನು. ಕಂಡದ್ದು ಕೆಲವೇ ಮನೆಯಾದರೂ ಅದೇ ಊರನ್ನು ಕಂಡವನು. ಎರಡನೆಯವನು ಊರಿಗೆ ಹೋಗದವನು; ಆದರೆ ತೆರಿಗೆಯ ಲೆಕ್ಕ, ಮನೆಗಳ ಬೆಲೆ, ಸುತ್ತಲಿನ ಕೌಂಟಿಯ ವರಮಾನ ಇವೆಲ್ಲವನ್ನೂ ಓದಿ, "ಇಂಥ ಊರಿನಲ್ಲಿ ಇಷ್ಟಿರಬೇಕು" ಎನ್ನುವವನು. ಯಾರ ಮಾತು ಹಿಡಿಯಬೇಕು? ಇಬ್ಬರದೂ ಹಿಡಿಯಿರಿ, ಆದರೆ ಅವರವರ ನಂಬಿಕೆಯ ತೂಕಕ್ಕೆ ತಕ್ಕಂತೆ ಹಿಡಿಯಿರಿ ಎಂಬುದು ಉತ್ತರ.

ಒಂದು ಊಹೆಯ ಲೆಕ್ಕ ಮಾಡೋಣ. ಸಣ್ಣ ಕೌಂಟಿಯೊಂದರಲ್ಲಿ ಮನೆ ನೋಡಿ ಬಂದವನು 40,000 ಡಾಲರ್ ಎಂದ; ಕಾಗದ ಓದಿದವನು 50,000 ಎಂದ. ನೋಡಿದ್ದು ಬಹಳ ಕಡಿಮೆ ಮನೆ, ಆದ್ದರಿಂದ ಮೊದಲನೆಯವನಿಗೆ ಒಂದು ಪಾಲು ತೂಕ, ಎರಡನೆಯವನಿಗೆ ಮೂರು ಪಾಲು. ಕೂಡಿಸಿದರೆ 47,500. ದೊಡ್ಡ ಕೌಂಟಿಯಾದರೆ ತೂಕ ತಿರುವುಮುರುವಾಗುತ್ತದೆ. ಸಾವಿರಾರು ಮನೆ ಕಂಡವನ ಮಾತೇ ಹೆಚ್ಚುಕಡಿಮೆ ಪೂರ್ತಿ ನಡೆಯುತ್ತದೆ. ತೂಕವನ್ನು ಯಾರ ಇಷ್ಟದಂತೆಯೂ ಹಾಕುವಂತಿಲ್ಲ. ಎಷ್ಟು ಮನೆ ನೋಡಿದರೆ ಅಂಕಿ ಎಷ್ಟು ಅಲುಗುತ್ತದೆಂಬುದಕ್ಕೆ ಲೆಕ್ಕವಿದೆ. ಕಾಗದ ಓದಿದವನು ಸಾಮಾನ್ಯವಾಗಿ ಎಷ್ಟು ತಪ್ಪುತ್ತಾನೆಂಬುದನ್ನು ಎಲ್ಲ ಪ್ರದೇಶಗಳಲ್ಲಿ ಅವನ ಮಾತನ್ನು ಮಾದರಿಯೊಡನೆ ಹೋಲಿಸಿ ಕಂಡುಹಿಡಿಯುತ್ತಾರೆ. ಇಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. 1973ರಲ್ಲಿ ಚೀಟಿ ಎತ್ತಿ ಆರಿಸಿದ ಕೆಲವು ಊರುಗಳಲ್ಲಿ ಪೂರ್ಣ ಗಣತಿ ನಡೆದಿತ್ತು. ಅದಕ್ಕೆ ಎದುರಿಟ್ಟು ತಮ್ಮ ಅಂದಾಜನ್ನು ಪರೀಕ್ಷಿಸಿದರು. ಮಗ್ಗಿ ಒಪ್ಪಿಸಿದ ಹುಡುಗನನ್ನು ಮಣೆಯ ಮೇಲೆ ಲೆಕ್ಕ ಮಾಡಿಸಿ ನೋಡಿದಂತೆ.

ಇನ್ನು ಶಾಲೆಯ ಮಾತಿಗೆ ಬರುತ್ತೇನೆ. ಲಿಂಡನ್ ಜಾನ್ಸನ್ ಅಧ್ಯಕ್ಷರಾಗುವುದಕ್ಕೆ ಬಹಳ ಮುಂಚೆ, 1928ರಲ್ಲಿ, ಟೆಕ್ಸಾಸಿನ ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಮೇಷ್ಟ್ರಾಗಿದ್ದರು. 1965ರ ಏಪ್ರಿಲ್ 11ರಂದು ಬಡ ಮಕ್ಕಳಿರುವ ಶಾಲೆಗಳಿಗೆ ಕೇಂದ್ರದ ಹಣ ಕೊಡುವ ಶಾಸನಕ್ಕೆ ಅವರು ಸಹಿ ಹಾಕಿದ್ದು ತಾವು ಬಾಲ್ಯದಲ್ಲಿ ಕಲಿತ ಶಾಲೆಯ ಬಳಿ, ತಮ್ಮ ಮೊದಲ ಗುರುಗಳಾದ ಅಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು. 2023ರ ವೇಳೆಗೆ ಆ ಹಣ ವರ್ಷಕ್ಕೆ 1,800 ಕೋಟಿ ಡಾಲರನ್ನು ಮೀರಿತ್ತು.

ಆದರೆ ಯಾವ ಕೌಂಟಿಗೆ ಎಷ್ಟು? ದಶಕಗಳ ಕಾಲ ಇದಕ್ಕೆ ಹಿಂದಿನ ಖಾನೇಷುಮಾರಿಯೇ ಆಧಾರವಾಗಿತ್ತು. 1990ರ ಖಾನೇಷುಮಾರಿ ಕೇಳಿದ್ದು 1989ರ ವರಮಾನವನ್ನು. ಕಾರ್ಖಾನೆ ಮುಚ್ಚಿ ಊರು ಬಡವಾದರೂ ಕಾಗದ ಹಳೆಯದನ್ನೇ ಹೇಳುತ್ತಿತ್ತು. ನನ್ನ ಏಳನೆಯ ತರಗತಿಯ ಹುಡುಗಿಯ ಕಥೆಯೇ, ಇಡೀ ಕೌಂಟಿಯ ಮಕ್ಕಳಿಗೆ! ಕೊನೆಗೆ 1994ರ ಶಾಸನ ಹೊಸ ಅಂದಾಜುಗಳನ್ನು ಬಳಸಬೇಕೆಂದು ಗೊತ್ತುಮಾಡಿತು. ಸೆನ್ಸಸ್ ಬ್ಯೂರೋದಲ್ಲಿ ಸಣ್ಣ ಪ್ರದೇಶಗಳ ವರಮಾನ ಮತ್ತು ಬಡತನವನ್ನು ಅಂದಾಜು ಮಾಡುವ ಕಾರ್ಯಕ್ರಮ ಹುಟ್ಟಿತು. ಮೊದಲ ಅಂದಾಜು 1993ರದು. 1997–98ರ ಶಾಲಾ ವರ್ಷಕ್ಕೆ ಹೊಸದನ್ನು ಪೂರ್ತಿ ನಂಬದೆ, ಹಳೆಯದನ್ನೂ ಹೊಸದನ್ನೂ ಕೂಡಿಸಿ ಅರ್ಧ ಮಾಡಿ ಹಣ ಹಂಚಿದರು. ಅಂಜುತ್ತ ಅಂಜುತ್ತ ಹೆಜ್ಜೆಯಿಟ್ಟರು, ಆದರೆ ಇಟ್ಟರು.

ಈಗಿನ ಕ್ರಮ ಹೀಗಿದೆ. 2005ರಿಂದ ಅಮೆರಿಕನ್ ಕಮ್ಯೂನಿಟಿ ಸರ್ವೆ ಎಂಬ ಸಮೀಕ್ಷೆ ವರ್ಷವಿಡೀ ನಡೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ಆರಿಸುತ್ತಾರೆ. ಆದರೂ 65,000 ಜನಕ್ಕಿಂತ ಕಡಿಮೆಯಿರುವ ಕೌಂಟಿಗೆ ಒಂದು ವರ್ಷದ ನೇರ ಅಂಕಿಯನ್ನು ಆ ಸಮೀಕ್ಷೆ ಸಾಮಾನ್ಯವಾಗಿ ಅಚ್ಚು ಹಾಕುವುದಿಲ್ಲ. ಹೆಚ್ಚುಕಡಿಮೆ ಮುಕ್ಕಾಲು ಪಾಲು ಕೌಂಟಿಗಳು ಈ ಗೆರೆಯ ಕೆಳಗಿವೆ. ಅವಕ್ಕೆ ಐದು ವರ್ಷಗಳನ್ನು ಕೂಡಿಸಿದ ಅಂಕಿಯುಂಟು, ಆದರೆ ಅದರಲ್ಲಿ ಈ ವರ್ಷದ ಕಷ್ಟ ಹಿಂದಿನ ವರ್ಷಗಳ ಸುಖದೊಳಗೆ ಕರಗಿಹೋಗುತ್ತದೆ. ಆದ್ದರಿಂದಲೇ ಇಬ್ಬರು ಸಾಕ್ಷಿಗಳ ಲೆಕ್ಕ ಬೇಕಾಯಿತು. ಸಮೀಕ್ಷೆ ಒಂದು ಕಡೆ. ತೆರಿಗೆ ಕಾಗದಗಳಿಂದ ತೆಗೆದ ಮಧ್ಯಾಂಕ, ಸರ್ಕಾರದ ಸಹಾಯಧನಗಳ ಮೊತ್ತ, ಹಿಂದಿನ ಗಣತಿ ಮುಂತಾದವು ಇನ್ನೊಂದು ಕಡೆ. ಬಡತನದ ಲೆಕ್ಕಕ್ಕಾದರೆ ಆಹಾರ ಸಹಾಯ ಪಡೆಯುವವರ ಎಣಿಕೆಯೂ ಸೇರುತ್ತದೆ. ಎರಡನ್ನೂ ತೂಗಿ, ಪ್ರತಿ ಕೌಂಟಿಗೂ ಮಧ್ಯಾಂಕ ವರಮಾನವನ್ನೂ ಬಡವರ ಸಂಖ್ಯೆಯನ್ನೂ ಪ್ರತಿವರ್ಷ ಕೊಡುತ್ತಾರೆ. ಶಾಲೆಯ ಹಣ ಹಂಚುವುದು ಬಡತನದಲ್ಲಿರುವ 5ರಿಂದ 17 ವರ್ಷದ ಮಕ್ಕಳ ಸಂಖ್ಯೆಯ ಮೇಲೆ. ಮಧ್ಯಾಂಕ ವರಮಾನ ಅದೇ ಕಾರ್ಯಕ್ರಮದ ಅವಳಿ ಮಗು. ಎರಡೂ ಬೇಕು. ನಡುವಿನ ಮನೆ ಸ್ವಲ್ಪ ಸುಧಾರಿಸಿದಾಗಲೂ ಕೊನೆಯ ಮನೆ ಹಸಿದಿರಬಹುದಲ್ಲ!

ನನಗೆ ಬಹಳ ಮೆಚ್ಚಿಗೆಯಾದದ್ದು ಇದು: ಅಂಕಿಯ ಜೊತೆಗೆ ಅದರ ಹೆಚ್ಚುಕಮ್ಮಿಯನ್ನೂ ಅಚ್ಚು ಹಾಕುತ್ತಾರೆ. "ಇಷ್ಟರಿಂದ ಇಷ್ಟರೊಳಗೆ ಇರಬಹುದು, ನೂರಕ್ಕೆ ತೊಂಬತ್ತರ ಭರವಸೆ" ಎಂದು ಹೇಳುತ್ತಾರೆ. ದೇಶದ ಅಂಕಿಯಲ್ಲೂ ಹೀಗೆಯೇ. 2023ಕ್ಕೆ ಒಂದು ಸಮೀಕ್ಷೆ ಮನೆಯ ಮಧ್ಯಾಂಕ ವರಮಾನ 80,610 ಡಾಲರ್ ಎಂದಿತು; ಇನ್ನೊಂದು 77,719 ಎಂದಿತು. ಪ್ರಶ್ನೆ ಕೇಳುವ ರೀತಿ ಬೇರೆ, ಕಾಲ ಬೇರೆ. ಎರಡನ್ನೂ ಬಚ್ಚಿಡದೆ ಪ್ರಕಟಿಸಿದ್ದಾರೆ.

ಮೊನ್ನೆ ಅಂಗಡಿ ಕಟ್ಟೆಯ ಮೇಲೆ ಈ ಮಾತು ಬಂದಾಗ ಕಿರಾಣಿ ಅಂಗಡಿಯ ಹಿರಿಯರೊಬ್ಬರು ಕೇಳಿದರು: "ಅಲ್ಲ ಮೇಷ್ಟ್ರೆ, ವರಮಾನ ಎಷ್ಟು ಅಂದ್ರೆ ಯಾರು ನಿಜ ಹೇಳ್ತಾರೆ? ನಾನೇ ಹೇಳೋಲ್ಲ." ನ್ಯಾಯವಾದ ಮಾತು. ನಾನೆಂದೆ: "ಯಜಮಾನರೆ, ಅದಕ್ಕೇ ಎರಡು ಸಾಕ್ಷಿ ಬೇಕು. ಒಬ್ಬ ಬಾಯಲ್ಲಿ ಹೇಳಿದ್ದನ್ನು ಇನ್ನೊಬ್ಬ ಕಾಗದದಲ್ಲಿ ನೋಡಲಿ." ಅವರು ನಕ್ಕು, "ಕಾಗದದಲ್ಲೂ ನಾನೇ ತಾನೆ ಬರೆಯೋನು?" ಎಂದರು. ಅವರು ಗೆದ್ದರು. ಆದರೆ ಆ ನಗುವಿನಲ್ಲಿಯೇ ಒಂದು ಪಾಠವಿದೆ. ಈ ಲೆಕ್ಕದ ವಿದ್ಯೆಗೆ ಮಿತಿಯುಂಟು. ಕಾಗದದಲ್ಲಿ ಹೆಸರಿಲ್ಲದವನನ್ನು ಕಾಗದ ಓದಿದವನು ಕಾಣಲಾರ. ತೆರಿಗೆಯ ಪತ್ರ ಸಲ್ಲಿಸದವರನ್ನು ಅಮೆರಿಕನರು ಬೇರೆಯಾಗಿ ಲೆಕ್ಕಕ್ಕೆ ಹಿಡಿಯುವುದು ಆ ಕಾರಣದಿಂದಲೇ.

ಈಗ ನಮ್ಮ ಮನೆಯ ಕಡೆ ನೋಡೋಣ. ಮಾದರಿ ಸಮೀಕ್ಷೆಯ ವಿದ್ಯೆಯಲ್ಲಿ ನಾವು ಹಿಂದಿನವರಲ್ಲ. ಮಹಲನೋಬಿಸರ ಮುಂದಾಳುತನದಲ್ಲಿ 1950ರಲ್ಲಿಯೇ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಜಗತ್ತು ಅದನ್ನು ನೋಡಿ ಕಲಿತಿದೆ. ಆದರೆ 2022–23ರ ದೊಡ್ಡ ಸಮೀಕ್ಷೆ ಕೇಳಿದ್ದು ಮನೆಯ ಖರ್ಚನ್ನು, ವರಮಾನವನ್ನಲ್ಲ. ಅದು ಇಡೀ ದೇಶದಲ್ಲಿ ಕಂಡ ಮನೆಗಳು 2,61,746. ಏಳುನೂರಕ್ಕೂ ಮೇಲಿರುವ ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಸುಮಾರು ಮುನ್ನೂರೈವತ್ತು ಮನೆ. ರಾಜ್ಯಕ್ಕೆ ಇದು ಸಾಕು. ಒಂದು ಜಿಲ್ಲೆಯ ಹಳ್ಳಿ ಬೇರೆ ಪೇಟೆ ಬೇರೆ ಎಂದು ನೋಡಹೊರಟರೆ ಸಾಲದು.

2011ರ ಸಾಮಾಜಿಕ ಆರ್ಥಿಕ ಗಣತಿ ಹಳ್ಳಿಗಳಲ್ಲಿ ಮನೆಯೊಳಗೆ ಹೆಚ್ಚು ದುಡಿಯುವವನ ತಿಂಗಳ ವರಮಾನ ಕೇಳಿತು. ಮೂರೇ ಖಾನೆ: 5,000ಕ್ಕಿಂತ ಕಡಿಮೆ, 5,000ದಿಂದ 10,000, ಅದಕ್ಕೂ ಮೇಲೆ. ನೂರಕ್ಕೆ ಸುಮಾರು 75 ಮನೆಗಳು ಮೊದಲ ಖಾನೆಯಲ್ಲೇ ಬಿದ್ದವು. ಅಂದರೆ ಸಾಲಿನ ನಡುವಿನ ಮನೆಯೂ ಅದರೊಳಗೇ. ಎರಡು ಸಾವಿರವೋ ನಾಲ್ಕು ಸಾವಿರವೋ ಹೇಳುವ ದಾರಿಯಿಲ್ಲ. ಬಡವರ ಕೋಣೆಗೆ ಕಿಟಕಿಯನ್ನೇ ಇಡಲಿಲ್ಲ.

ನಮ್ಮ ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಜಿಲ್ಲಾವಾರು ತಲಾ ವರಮಾನವನ್ನು ಅಚ್ಚು ಹಾಕುತ್ತಾರೆ. ಅದು ಸರಾಸರಿ, ಅದೂ ಜಿಲ್ಲೆಯಲ್ಲಿ ಉತ್ಪಾದನೆಯಾದದ್ದನ್ನು ತಲೆಗೆ ಹಂಚಿದ ಸರಾಸರಿ. ಸಂಡೂರಿನ ಬೆಟ್ಟ ಅಗೆದು ತೆಗೆದ ಅದಿರಿನ ಬೆಲೆ ಬಳ್ಳಾರಿ ಜಿಲ್ಲೆಯ ಉತ್ಪನ್ನಕ್ಕೆ ಸೇರುತ್ತದೆ. ಲಾಭ ಯಾವ ಊರಿನ ಯಾವ ಬಂಗಲೆಗೆ ಹೋಯಿತೆಂಬುದನ್ನು ಆ ಅಂಕಿ ಹೇಳುವುದಿಲ್ಲ. ಧೂಳು ಮಾತ್ರ ಸಂಡೂರಿನ ಕೂಲಿಯವನ ಪಾಲು. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿ ಜಿಲ್ಲೆಯನ್ನು ದಾಟಿ ತಾಲೂಕಿಗೆ ಇಳಿದು, 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ತೋರಿಸಿತು. ಅದು ದೊಡ್ಡ ಕೆಲಸ. ಆದರೆ ಅಂಥ ಪಟ್ಟಿಯೂ ಹಳಸುತ್ತದೆ. 2021ರಲ್ಲಿ ನಡೆಯಬೇಕಿದ್ದ ಖಾನೇಷುಮಾರಿ ಆ ವರ್ಷ ನಡೆಯಲಿಲ್ಲವೆಂಬುದನ್ನೂ ನೆನೆಯಿರಿ.

ಅಮೆರಿಕದ ಸೂತ್ರವನ್ನು ಹಾಗೆಯೇ ಎತ್ತಿ ತಂದರೆ ಇಲ್ಲಿ ನಡೆಯದು. 2023ರ ಕೊನೆಗೆ ನಮ್ಮ ದೇಶದಲ್ಲಿ ಆ ಸಾಲಿಗೆ ಸಲ್ಲಿಕೆಯಾದ ಆದಾಯ ತೆರಿಗೆ ಪತ್ರಗಳು ಎಂಟು ಕೋಟಿಗೆ ಸ್ವಲ್ಪ ಮೇಲೆ. ಜನ ನೂರನಲವತ್ತು ಕೋಟಿ. ನಡುವಿನ ಮನೆ ಆ ಪತ್ರಗಳಲ್ಲಿ ಸಿಗುವುದಿಲ್ಲ. ನಮ್ಮ ಎರಡನೆಯ ಸಾಕ್ಷಿ ಬೇರೆ ಕಡೆಯಿಂದ ಬರಬೇಕು: ಪಡಿತರ ಚೀಟಿಗಳು, ಉದ್ಯೋಗ ಖಾತರಿಯ ಕೂಲಿ ದಿನಗಳು, ಮನೆ ಮೀಟರಿನ ಯೂನಿಟ್ಟುಗಳು, ಇ.ಎಸ್.ಐ. ಮತ್ತು ಭವಿಷ್ಯನಿಧಿಯ ವಂತಿಗೆಗಳು. ಇವು ಒಂದೊಂದೂ ಕುಂಟುವ ಸಾಕ್ಷಿಗಳೇ. ಆದರೆ ಮನೆಮನೆ ನೋಡಿಬಂದವನ ಜೊತೆ ನಿಲ್ಲಿಸಿ ತೂಗಿದರೆ ಒಂದು ನಂಬುವಂಥ ಮಾತು ಹೊರಡುತ್ತದೆ.

ಆದ್ದರಿಂದ ನಾವು ಕೇಳಬೇಕಾದದ್ದು ಮೂರು. ಜಿಲ್ಲೆಯ ಸರಾಸರಿಯ ಪಕ್ಕದಲ್ಲಿ ಜಿಲ್ಲೆಯ ನಡುವಿನ ಮನೆಯ ವರಮಾನವನ್ನೂ ಬರೆಯಿರಿ. ಅದನ್ನು ವರ್ಷವರ್ಷವೂ ಬರೆಯಿರಿ, ಹಳಸಿದ್ದನ್ನು ಬಡಿಸಬೇಡಿ. ಅದು ಎಷ್ಟು ತಪ್ಪಿರಬಹುದೆಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ತಪ್ಪಿನ ಅಳತೆ ಹೇಳದ ಅಂಕಿ, ಮುದ್ರೆಯಿಲ್ಲದ ತೂಕದ ಕಲ್ಲಿದ್ದಂತೆ. ಪೇಟೆಯ ಬಂಧುಗಳಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಕೇಳುವುದಕ್ಕೆ ಮುಂಚೆ ನಾವೂ ಒಂದು ಕೆಲಸ ಮಾಡೋಣ. ಗಿರಣಿಯ ಲೈನಿನ ಮನೆಗಳನ್ನೂ ಹಿಂದಿನ ಬೀದಿಯ ಅಂಗಡಿಕಾರರ ಮನೆಗಳನ್ನೂ ಈ ತಿಂಗಳು ನಾವೇ ಎಣಿಸೋಣ. ಹೆಸರು ಬರೆಯುವುದು ಬೇಡ. ಬಾಯಲ್ಲಿ ಹೇಳಲು ಸಂಕೋಚವಾದವರು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ಕೊಡಿ. ಇಲ್ಲಿ ಎಲ್ಲ ಮನೆಗಳನ್ನೂ ಕೇಳುವುದರಿಂದ ಅಂದಾಜಿನ ಗೊಡವೆಯೂ ಇಲ್ಲ. ಮುಂದಿನ ಸಭೆಯಲ್ಲಿ ಆ ಚೀಟಿಗಳನ್ನು ಈ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಎಲ್ಲರ ಎದುರಿನಲ್ಲೇ ನಡುವಿನದನ್ನು ತೆಗೆದು ಓದುತ್ತೇನೆ. ಕಿರಾಣಿ ಅಂಗಡಿಯ ಯಜಮಾನರು ಇಲ್ಲೇ ಕೂತಿದ್ದಾರೆ. ಹೆಸರಿಲ್ಲದ ಚೀಟಿಯಲ್ಲಿ ಅವರೂ ನಿಜವನ್ನೇ ಬರೆಯುತ್ತಾರೆಂದು ನಂಬಿದ್ದೇನೆ.